ಸೈನಿಕರಿದ್ದಾರೆ, ಹೆಲಿಕಾಪ್ಟರ್ ಇಲ್ಲ

2012ರ ಆಗಸ್ಟ್‌ನಲ್ಲಿ ಉಗಾಂಡಾದ ನಾಲ್ಕು ಸೇನಾ ಹೆಲಿಕಾಪ್ಟರ್‌ಗಳು ಸೊಮಾಲಿಯಾದತ್ತ ಹೊರಟವು. ಅಲ್ಲಿ ಅಲ್ ಶಬಾಬ್ ಉಗ್ರರೊಂದಿಗೆ ಸೆಣಸುತ್ತಿದ್ದ ಆಫ್ರಿಕಾ ಒಕ್ಕೂಟದ ಪಡೆಗೆ ಅವು ನೆರವಾಗಬೇಕಿತ್ತು. ಕೆನ್ಯಾದ ಗರಿಸ್ಸಾದಲ್ಲಿ ಸುರಕ್ಷಿತವಾಗಿ ಇಳಿದದ್ದು ಒಂದೇ. ಉಳಿದ ಮೂರು ಕೆನ್ಯಾ ಪರ್ವತದ ಕಾಡಿನಲ್ಲಿ ಬಿದ್ದವು. ಅದೇ ವರ್ಷದ ಫೆಬ್ರುವರಿಯಲ್ಲಿ ಭದ್ರತಾ ಮಂಡಳಿ ಈ ಪಡೆಗೆ 12 ಹೆಲಿಕಾಪ್ಟರ್‌ಗಳನ್ನು ಮಂಜೂರು ಮಾಡಿತ್ತು. ಮಂಜೂರಾತಿ ವರ್ಷಗಟ್ಟಲೆ ಕಡತದಲ್ಲೇ ಉಳಿಯಿತು. ಸೈನಿಕರು ಬಾಂಬ್ ಹೂತಿಟ್ಟ ರಸ್ತೆಗಳಲ್ಲೇ ಓಡಾಡಿದರು.

ಆಫ್ರಿಕಾದ ಶಾಂತಿಯನ್ನು ಆಫ್ರಿಕಾದವರೇ ಕಾಯಬೇಕೆಂಬ ಮಾತಿಗೆ ಬಲ ಬಂದದ್ದು ರುವಾಂಡಾದ ಹತ್ಯಾಕಾಂಡದಿಂದ. 1994ರ ಏಪ್ರಿಲ್‌ನಲ್ಲಿ ಕೊಲೆಗಳು ನಡೆಯುತ್ತಿರುವಾಗಲೇ, ಸುಮಾರು 2,500 ಮಂದಿಯ ವಿಶ್ವಸಂಸ್ಥೆ ಪಡೆಯನ್ನು 270ಕ್ಕೆ ಇಳಿಸಲು ಭದ್ರತಾ ಮಂಡಳಿ ನಿರ್ಧರಿಸಿತು. ದೂರದವರನ್ನು ನಂಬಿ ಕೂರಲಾಗದು ಎಂಬುದು ಆ ಖಂಡಕ್ಕೆ ಅಂದೇ ಮನದಟ್ಟಾಯಿತು. ಮುಂದೆ ಆಫ್ರಿಕಾ ಒಕ್ಕೂಟ ಐದು ಪ್ರಾದೇಶಿಕ ಪಡೆಗಳ ‘ಸನ್ನದ್ಧ ಪಡೆ’ಯ ಯೋಜನೆ ರೂಪಿಸಿತು. ನರಮೇಧದಂಥ ಸಂದರ್ಭದಲ್ಲಿ 14 ದಿನಗಳೊಳಗೆ ಧಾವಿಸಬೇಕೆಂಬ ಗುರಿ ಅದರದು. ಆದರೆ 2013ರ ಜನವರಿಯಲ್ಲಿ ಮಾಲಿಯ ಉತ್ತರದಿಂದ ಸಶಸ್ತ್ರ ಗುಂಪುಗಳು ದಕ್ಷಿಣಕ್ಕೆ ನುಗ್ಗಿದಾಗ ಮೊದಲು ಬಂದದ್ದು ಫ್ರಾನ್ಸಿನ ಸೇನೆ.

ಈ ಕನಸಿನ ನಿಜವಾದ ಪರೀಕ್ಷೆ ನಡೆದದ್ದು ಸೊಮಾಲಿಯಾದಲ್ಲಿ. 2007ರ ಮಾರ್ಚ್‌ನಲ್ಲಿ ಮೊಗಾದಿಶುಗೆ ಉಗಾಂಡಾದ ಸೈನಿಕರು ಮೊದಲು ಬಂದರು. ವರ್ಷದ ಕೊನೆಗೆ ಬುರುಂಡಿ ಕೈಜೋಡಿಸಿತು. 2003ರಲ್ಲಿ ಆಫ್ರಿಕಾ ಒಕ್ಕೂಟ ತನ್ನ ಮೊತ್ತಮೊದಲ ಶಾಂತಿಪಾಲನಾ ಪಡೆಯನ್ನು ಕಳಿಸಿದ್ದು ಇದೇ ಬುರುಂಡಿಗೆ! ನಾಲ್ಕೇ ವರ್ಷಗಳಲ್ಲಿ ನೆರವು ಪಡೆದ ದೇಶ ನೆರವು ಕೊಡುವ ದೇಶವಾಯಿತು. ಪ್ರಾದೇಶಿಕ ಸಾಮರ್ಥ್ಯ ಎಂದರೇನೆಂದು ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2011ರ ಆಗಸ್ಟ್‌ನಲ್ಲಿ ಅಲ್ ಶಬಾಬ್ ರಾಜಧಾನಿಯಿಂದ ಹಿಂದೆ ಸರಿಯಿತು. 2013ರ ಹೊತ್ತಿಗೆ ಪಡೆಯ ಮಂಜೂರಾದ ಬಲ 22,126ಕ್ಕೆ ಏರಿತ್ತು.

ಇಷ್ಟು ದೊಡ್ಡ ಪಡೆಯ ಸಂಸಾರ ಸಾಗಿದ್ದು ಮಾತ್ರ ಬೇರೆಯವರ ಕೈಯಿಂದ. ಊಟ, ಇಂಧನ, ಡೇರೆ ವಿಶ್ವಸಂಸ್ಥೆಯದು, ಸೈನಿಕರ ಭತ್ಯೆ ಐರೋಪ್ಯ ಒಕ್ಕೂಟದ್ದು, ಪ್ರಾಣ ನೆರೆಯವರದು. 2016ರಲ್ಲಿ ಐರೋಪ್ಯ ಒಕ್ಕೂಟ ತನ್ನ ಪಾಲಿನಲ್ಲಿ ಶೇ 20ರಷ್ಟು ಕಡಿತ ಮಾಡಿದಾಗ ಪೆಟ್ಟು ಬಿದ್ದದ್ದು ಕಂದಕದಲ್ಲಿ ಕುಳಿತವನಿಗೆ. ಅದೇ ವರ್ಷ ಆಫ್ರಿಕಾ ಒಕ್ಕೂಟದ ಕಿಗಾಲಿ ಶೃಂಗಸಭೆ ಆಮದಿನ ಮೇಲೆ ಶೇ 0.2ರ ಸುಂಕ ವಿಧಿಸಿ ಸ್ವಂತ ಹಣ ಕೂಡಿಸಲು ತೀರ್ಮಾನಿಸಿತು. ದಾರಿ ಸರಿಯಾದದ್ದೇ, ಆದರೆ ಎಲ್ಲ ಸದಸ್ಯ ದೇಶಗಳೂ ಅದರಲ್ಲಿ ನಡೆಯಲಿಲ್ಲ.

2023ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ 2719ನೇ ನಿರ್ಣಯದ ಮೂಲಕ, ಇಂಥ ಕಾರ್ಯಾಚರಣೆಗಳ ವೆಚ್ಚದಲ್ಲಿ ಗರಿಷ್ಠ ಶೇ 75ರಷ್ಟನ್ನು ಸದಸ್ಯ ರಾಷ್ಟ್ರಗಳ ಕಡ್ಡಾಯ ವಂತಿಗೆಯಿಂದ ಭರಿಸಲು ಬಾಗಿಲು ತೆರೆಯಿತು. ಸೊಮಾಲಿಯಾಕ್ಕೆ ಅದನ್ನು ಅನ್ವಯಿಸುವ ವಿಷಯ ಬಂದಾಗ ಅಮೆರಿಕ ಅಡ್ಡ ನಿಂತಿತು. 2024ರ ಡಿಸೆಂಬರ್‌ನ ಮತದಾನದಿಂದ ಅದು ದೂರ ಉಳಿಯಿತು. 2025ರ ಜನವರಿಯಲ್ಲಿ ಹೊಸ ಹೆಸರಿನ ಪಡೆ ಕೆಲಸ ಆರಂಭಿಸಿದ್ದು ಖಚಿತವಾದ ಹಣವಿಲ್ಲದೆ. ಹದಿನೇಳು ವರ್ಷ ರಕ್ತ ಸುರಿಸಿದವರಿಗೆ ಇದು ಘೋರ ಅನ್ಯಾಯ.

ನೆರೆಯವರೆಲ್ಲ ನಿಸ್ವಾರ್ಥಿಗಳೆಂದೂ ಇದರ ಅರ್ಥವಲ್ಲ. ಇಥಿಯೋಪಿಯಾ 2006ರಲ್ಲಿ, ಕೆನ್ಯಾ 2011ರಲ್ಲಿ ಸೊಮಾಲಿಯಾದೊಳಗೆ ತಮ್ಮದೇ ಕಾರಣಕ್ಕೆ ಸೇನೆ ನುಗ್ಗಿಸಿದ್ದವು. ಒಕ್ಕೂಟದ ಪಡೆಗೆ ಸೇರಿದ್ದು ನಂತರ. ಗಡಿ ಹಂಚಿಕೊಂಡವನಿಗೆ ನೆಲದ ಪರಿಚಯವೂ ಹೆಚ್ಚು, ಹಿತಾಸಕ್ತಿಯೂ ಹೆಚ್ಚು. ಹಾಗಾಗಿ ದೇಶಗಳ ಸೇನಾ ಕಚೇರಿಗಳಿಗಿಂತ ಬಲವಾದ ಜಂಟಿ ಕಮಾಂಡ್ ಬೇಕು. ಸೊಮಾಲಿಯಾದಲ್ಲಿ ಅದು ಗಟ್ಟಿಯಾಗಲೇ ಇಲ್ಲ.

ಶಾಂತಿಪಾಲನೆಯ ಕೆಲಸ ಭಾರತಕ್ಕೂ ಹೊಸದಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯನ್ನು ಮುನ್ನಡೆಸುತ್ತಲೇ 1965ರ ಡಿಸೆಂಬರ್‌ನಲ್ಲಿ ನಿಧನರಾದರು. ಕಾಂಗೋದಲ್ಲಿ 2011ರವರೆಗೆ ವಿಶ್ವಸಂಸ್ಥೆ ಪಡೆಗೆ ಭಾರತದ ದಾಳಿ ಹೆಲಿಕಾಪ್ಟರ್‌ಗಳ ಬೆಂಬಲವಿತ್ತು. 2019 ಮತ್ತು 2023ರಲ್ಲಿ ಪುಣೆಯಲ್ಲಿ ಆಫ್ರಿಕಾದ ಸೇನೆಗಳೊಂದಿಗೆ ಜಂಟಿ ಸಮರಾಭ್ಯಾಸವೂ ನಡೆಯಿತು. ಮುಂದಿನ ಅಭ್ಯಾಸದಲ್ಲಿ ಬಂದೂಕು ಹಿಡಿದವರ ಜೊತೆಗೆ ಹೆಲಿಕಾಪ್ಟರ್ ದುರಸ್ತಿ ಮಾಡುವ ಮೆಕ್ಯಾನಿಕ್‌ಗಳನ್ನೂ, ಗಾಯಾಳುಗಳನ್ನು ಸಾಗಿಸುವ ವೈದ್ಯಕೀಯ ತಂಡಗಳನ್ನೂ ಭಾರತ ಕರೆಸಿಕೊಳ್ಳಬೇಕು. ಸೊಮಾಲಿಯಾದ ಪಡೆಯನ್ನು ವರ್ಷಗಳ ಕಾಲ ಕಾಡಿದ ಕೊರತೆ ಅದೇ.