ದಪ್ಪ ತಂತಿಗೆ ಎಂಥ ಪಿಕ್?

1963ರ ಸುಮಾರಿನ ಮಾತು. ಅಮೆರಿಕದ ಲಾಸ್ ಏಂಜಲಿಸ್ ನಗರದ ಸ್ಟುಡಿಯೋ ಒಂದರಲ್ಲಿ ಧ್ವನಿಮುದ್ರಣಕ್ಕೆ ಎಲ್ಲವೂ ಸಿದ್ಧವಾಗಿತ್ತು. ಆದರೆ ಬೇಸ್ ಗಿಟಾರ್ ನುಡಿಸಬೇಕಿದ್ದ ಕಲಾವಿದ ಬರಲೇ ಇಲ್ಲ. ಮಾಮೂಲಿ ಗಿಟಾರ್ ನುಡಿಸಲು ಬಂದಿದ್ದ ಕ್ಯಾರೊಲ್ ಕೇ ಅವರ ಕೈಗೆ ಬೇಸ್ ಗಿಟಾರ್ ಬಂತು. ಹದಿಹರೆಯದಲ್ಲೇ ಗಿಟಾರ್ ಪಾಠ ಹೇಳಿ ಬಡ ಸಂಸಾರಕ್ಕೆ ನೆರವಾಗಿದ್ದ ಆಕೆಗೆ ಪಿಕ್ ಹಿಡಿದು ನುಡಿಸುವುದೇ ರೂಢಿ. ಬೇಸ್ ಗಿಟಾರನ್ನೂ ಪಿಕ್‌ನಿಂದಲೇ ನುಡಿಸಿದರು. ಮುಂದೆ 'ಬೀಚ್ ಬಾಯ್ಸ್' ತಂಡದ ಹಾಡುಗಳೂ ಸೇರಿದಂತೆ ನೂರಾರು ಧ್ವನಿಮುದ್ರಣಗಳಲ್ಲಿ ಅವರ ಬೇಸ್ ಕೇಳಿಬಂತು.

ಅದೇ ದಶಕದಲ್ಲಿ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಒಂದು ತೋರುಬೆರಳಿನಿಂದ ಬೇಸ್ ನುಡಿಸಿ ಜಗತ್ತನ್ನು ಬೆರಗುಗೊಳಿಸಿದರು. ಇಬ್ಬರಲ್ಲಿ ಯಾರದು ಸರಿ? ಇಬ್ಬರದೂ ಸರಿ. ಆದ್ದರಿಂದ 'ಬೇಸನ್ನು ಬೆರಳಲ್ಲೇ ನುಡಿಸಬೇಕು, ಪಿಕ್ ಹಿಡಿಯುವವನು ಅರೆಬರೆ ಕಲಿತವನು' ಎಂಬ ಗೆಳೆಯರ ಮಾತಿಗೆ ಕಾಲೇಜು ಹುಡುಗರು ಎದೆಗುಂದಬೇಕಿಲ್ಲ. ಸಿತಾರಿಗೆ ಮಿಜ್ರಾಬ್ ಇದೆ. ಸರೋದನ್ನು ನುಡಿಸುವ 'ಜವಾ'ವನ್ನು ತೆಂಗಿನ ಕರಟದಿಂದಲೂ ಮಾಡುತ್ತಾರೆ. ಇವುಗಳನ್ನು ಹಿಡಿದವರನ್ನು ಯಾರೂ ಕಡಿಮೆ ಎಣಿಸಿಲ್ಲ.

ಹಾಗಾದರೆ ಬೆರಳಿಗೂ ಪಿಕ್‌ಗೂ ಇರುವ ವ್ಯತ್ಯಾಸವೇನು? ತಂತಿಯನ್ನು ಮೀಟಿದಾಗ ಒಂದೇ ಸ್ವರ ಹೊರಡುವುದಿಲ್ಲ. ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಉಪಸ್ವರಗಳೂ ಹುಟ್ಟುತ್ತವೆ. ಬೆರಳಿನ ತುದಿ ಅಗಲ ಮತ್ತು ಮೆತ್ತಗೆ. ಅದು ಎಳೆದು ಬಿಟ್ಟ ತಂತಿಯ ಬಾಗು ದುಂಡಗಿರುತ್ತದೆ. ಪಿಕ್‌ನ ತುದಿ ಕಿರಿದು ಮತ್ತು ಗಟ್ಟಿ. ಅದು ಎಳೆದ ತಂತಿ ಚೂಪಾದ ಮೂಲೆಯಂತೆ ಮಡಿಯುತ್ತದೆ. ಮೂಲೆ ಚೂಪಾದಷ್ಟೂ ಮೇಲಿನ ಉಪಸ್ವರಗಳು ಹೆಚ್ಚು. ಬೆರಳಿನ ನಾದ ದುಂಡಗೆ, ಪಿಕ್‌ನ ನಾದ ಖಣಿ ಖಣಿ ಎನಿಸಲು ಇದೇ ಕಾರಣ.

ಇದರಲ್ಲೊಂದು ಸ್ವಾರಸ್ಯವಿದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಮಂದ್ರ ತಂತಿಯ ಆವೃತ್ತಿ ಸುಮಾರು 41 ಹರ್ಟ್ಸ್. ಮೊಬೈಲಿನ ಅಥವಾ ಪುಟ್ಟ ರೇಡಿಯೋದ ಸ್ಪೀಕರ್ ಇಷ್ಟು ಕೆಳಗಿನ ಸ್ವರವನ್ನು ಹೊರಡಿಸಲಾರದು. ಆದರೂ 82, 123, 165 ಹರ್ಟ್ಸ್‌ನ ಉಪಸ್ವರಗಳು ಕೇಳಿಸಿದರೆ ಸಾಕು, ಇಲ್ಲದ ಮೂಲಸ್ವರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಉಪಸ್ವರ ತುಂಬಿದ ಪಿಕ್ ನಾದ ಸಣ್ಣ ಸ್ಪೀಕರಿನಲ್ಲೂ ಎದ್ದು ಕೇಳುವುದರ ಗುಟ್ಟು ಇದು.

ಇನ್ನು ದಪ್ಪದ ವಿಚಾರ. ಅಂಗಡಿಯಲ್ಲಿ 0.5 ಮಿಲಿಮೀಟರಿನಿಂದ 2 ಮಿಲಿಮೀಟರಿಗೂ ಮೀರಿದ ಪಿಕ್‌ಗಳು ದೊರೆಯುತ್ತವೆ. ಮಾಮೂಲಿ ಗಿಟಾರಿಗೆಂದು ಮನೆಯಲ್ಲಿರುವ ತೆಳು ಪಿಕ್ಕೇ ಬೇಸಿಗೂ ಸಾಕು ಎಂದುಕೊಳ್ಳುವುದು ಸಹಜ. ಆದರೆ ಗಿಟಾರಿನ ಅತಿ ದಪ್ಪ ತಂತಿಯೇ ಸುಮಾರು 1.2 ಮಿಲಿಮೀಟರ್ ಇದ್ದರೆ, ಬೇಸಿನದು 2.7 ಮಿಲಿಮೀಟರಿನಷ್ಟಿರುತ್ತದೆ. ಗಿಟಾರಿನ ಆ ತಂತಿಯ ಬಿಗಿತ ಸುಮಾರು 8 ಕಿಲೋಗ್ರಾಂ ತೂಕದಷ್ಟಾದರೆ, ಬೇಸಿನ ಒಂದೊಂದು ತಂತಿಯದು 16ರಿಂದ 20 ಕಿಲೋಗ್ರಾಂ. ಇಂಥ ತಂತಿಯ ಮುಂದೆ ತೆಳು ಪಿಕ್ ತಾನೇ ಬಾಗಿ ಜಾರಿಬಿಡುತ್ತದೆ. ನಾದಕ್ಕಿಂತ 'ಟಕ್' ಎಂಬ ಸದ್ದೇ ಜೋರಾಗುತ್ತದೆ. ನಾದ ಸಾಲದೆಂದು ಹುಡುಗ ಇನ್ನಷ್ಟು ಬಲವಾಗಿ ಹೊಡೆಯುತ್ತಾನೆ. ಮಣಿಕಟ್ಟು ನೋಯಲು ಶುರುವಾಗುವುದು ಅಲ್ಲಿಂದಲೇ.

ದಪ್ಪ ಎರಡು ಪಟ್ಟಾದರೆ ಬಿರುಸು ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಬಾಗದಿರುವ ಗುಣ ದಪ್ಪದ ಘನಕ್ಕೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. ಎರಡು ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಸುಮ್ಮನೆ ಒಂದರ ಮೇಲೊಂದಿಟ್ಟು ಬಾಗಿಸಿ ನೋಡಬಹುದು. ಬಳಿಕ ಅವನ್ನೇ ಪೂರ್ತಿ ಗೋಂದು ಹಚ್ಚಿ ಅಂಟಿಸಿ, ಒಣಗಿದ ಮೇಲೆ ಬಾಗಿಸಿ ನೋಡಬೇಕು. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹೀಗಾಗಿ ಕಲಿಯುವವರು ಬೇಸಿಗೆ ಸುಮಾರು 0.9ರಿಂದ 1.2 ಮಿಲಿಮೀಟರಿನ ಪಿಕ್‌ನಿಂದ ಆರಂಭಿಸುವುದು ಒಳ್ಳೆಯದು. ತೀರಾ ದಪ್ಪನೆಯದು ಬಾಗುವುದೇ ಇಲ್ಲವಾದ್ದರಿಂದ ಹೊಸ ಕೈಗೆ ತಂತಿಯಲ್ಲಿ ಸಿಕ್ಕಿಕೊಂಡಂತೆ ಆಗಬಹುದು.

ಆಕಾರವನ್ನೂ ಗಮನಿಸಬೇಕು. ದೊಡ್ಡ ತ್ರಿಕೋನದ ಪಿಕ್ ಬೆರಳುಗಳಿಗೆ ಹೆಚ್ಚು ಹಿಡಿತ ಕೊಡುತ್ತದೆ. ಒಂದು ಮೂಲೆ ಸವೆದರೆ ತಿರುಗಿಸಿ ಇನ್ನೊಂದನ್ನು ಬಳಸಬಹುದು. ಒಂದರ ಬೆಲೆಯಲ್ಲಿ ಮೂರು! ಮೂಲೆ ದುಂಡಗಿದ್ದರೆ ನಾದ ಬೆರಳಿನದಕ್ಕೆ ಹತ್ತಿರ, ಚೂಪಾಗಿದ್ದರೆ ಹರಿತ.

ಪಿಕ್ ಯಾವುದರಿಂದ ಮಾಡಿದ್ದು ಎಂಬುದಕ್ಕೆ ದೊಡ್ಡ ಕಥೆಯೇ ಇದೆ. ಹಿಂದೆ ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನ ಪಿಕ್‌ಗಳಿಗೆ ಭಾರಿ ಬೇಡಿಕೆಯಿತ್ತು. ಬಾಚಣಿಗೆ, ಕನ್ನಡಕದ ಚೌಕಟ್ಟು, ಪಿಕ್ ಮುಂತಾದವುಗಳಿಗಾಗಿ ಈ ಆಮೆಯ ಸಂತತಿಯೇ ಅಳಿವಿನಂಚಿಗೆ ಬಂತು. 1977ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲಿ ಮೊಟ್ಟೆಯಿಡುವ ಈ ಆಮೆಗೆ ನಮ್ಮ ದೇಶದಲ್ಲೂ ಕಾನೂನಿನ ರಕ್ಷಣೆಯಿದೆ. 'ಅಸಲಿ ಚಿಪ್ಪಿನದು' ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಲೇಬಾರದು. ಚಿಪ್ಪಿನ ಜಾಗಕ್ಕೆ ಬಂದದ್ದು ಕರ್ಪೂರವನ್ನೂ ಬೆರೆಸಿ ಮಾಡುವ ಸೆಲ್ಯುಲಾಯ್ಡ್. ಇದರ ನಾದ ಚೆನ್ನ, ಆದರೆ ಬೆಂಕಿ ಬೇಗ ಹತ್ತುತ್ತದೆ. ದೇವರ ದೀಪದ ಬಳಿ ಇಡಬಾರದು. ಮುಂದೆ ನೈಲಾನ್ ಬಂತು. ಅದು ಬಾಗಿದರೂ ಮುರಿಯದು. ಡೆಲ್ರಿನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಗಟ್ಟಿ, ಸವೆತವೂ ಕಡಿಮೆ. ಬೇಸಿನ ಒರಟು ತಂತಿಗೆ ಇವೆರಡೂ ಒಗ್ಗುತ್ತವೆ.

ಖರ್ಚಿಲ್ಲದೆ ಪರೀಕ್ಷಿಸುವ ದಾರಿಯೂ ಉಂಟು. ಅವಧಿ ಮುಗಿದ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಚಿಪ್ ಇರುವ ಭಾಗ ಬಿಟ್ಟು ಒಂದು ತ್ರಿಕೋನ ಕತ್ತರಿಸಿ, ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಮಧ್ಯಮ ದಪ್ಪದ ಪಿಕ್ ತಯಾರು. ಅದು ಬಾಗಿ ಜಾರುವಂತೆ ಕಂಡರೆ ಅದಕ್ಕಿಂತ ದಪ್ಪನೆಯದನ್ನು ಕೊಂಡರಾಯಿತು.

ಕೊನೆಯ ತೀರ್ಪು ಕಿವಿಯದು. ಮಗನೋ ಮಗಳೋ ಬೆರಳಿನಿಂದ ಒಮ್ಮೆ, ಎರಡು ಬಗೆಯ ಪಿಕ್‌ಗಳಿಂದ ಒಂದೊಂದು ಸಲ ಅದೇ ಸಾಲನ್ನು ನುಡಿಸಲಿ. ತಂದೆ ತಾಯಿ ಪಕ್ಕದ ಕೋಣೆಯಲ್ಲಿ ಕುಳಿತು, ಯಾವ ಸಲ ಸ್ವರ ಸ್ಪಷ್ಟವಾಗಿತ್ತು ಎಂದು ಚೀಟಿಯಲ್ಲಿ ಬರೆಯಲಿ. ಹತ್ತು ನಿಮಿಷ ನುಡಿಸಿದ ಮೇಲೆ ಮಣಿಕಟ್ಟು ಹೇಗಿದೆ ಎಂಬುದನ್ನು ನುಡಿಸಿದವರೇ ಬರೆದುಕೊಳ್ಳಲಿ. ಎರಡು ಚೀಟಿಗಳೂ ಒಪ್ಪಿದ ಪಿಕ್ಕೇ ಸರಿಯಾದದ್ದು. ವಾದ್ಯವನ್ನು ಬರೀ ಗದ್ದಲವೆಂದು ಗೊಣಗುತ್ತಿದ್ದ ಅಪ್ಪನೂ ಅಂದು ಒಂದು ಸಾಲನ್ನು ಮೂರು ಸಲ ಕಿವಿಗೊಟ್ಟು ಕೇಳಿರುತ್ತಾನೆ. ಒಂದು ಪಿಕ್‌ನ ಬೆಲೆಗೆ ಇದೇನೂ ಸಣ್ಣ ಲಾಭವಲ್ಲ.