ಮನೆವಾರ್ತೆ: ಗಣಕಯಂತ್ರದ ದ್ವಾರಪಾಲಕ

ಒಂದೇ ಗಣಕಯಂತ್ರದಲ್ಲಿ ಮಕ್ಕಳ ವ್ಯಾಸಂಗಕ್ಕಾಗಿ ಉಬುಂಟುವನ್ನೂ ಮನೆಯ ಲೆಕ್ಕಪತ್ರಗಳಿಗಾಗಿ ವಿಂಡೋಸನ್ನೂ ಇಟ್ಟುಕೊಂಡಿರುವ ಗೃಹಸ್ಥರುಂಟು. ಇಂತಹ ಮನೆಗಳಲ್ಲಿ ಹುಟ್ಟುವ ದೂರು ಸಾಮಾನ್ಯವಾಗಿ ಒಂದೇ: ಗುಂಡಿಯನ್ನೊತ್ತಿ ಅತ್ತ ತಿರುಗುವಷ್ಟರಲ್ಲಿ ಯಂತ್ರವು ಒಂದು ವ್ಯವಸ್ಥೆಯನ್ನು ತೆರೆದುಬಿಡುತ್ತದೆ; ಹಿರಿಯರಿಗೆ ಬೇಕಾದುದು ಮತ್ತೊಂದು. ಇದರ ನಿವಾರಣೆಯು ಗೃಹಸ್ಥರ ಶಕ್ತಿಗೆ ಮೀರಿದುದಲ್ಲವಾದ ಕಾರಣ ಈ ತಿಂಗಳು ಅದನ್ನೇ ವಿಚಾರಮಾಡುವೆವು.

ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಅದರ ಮೂಲ ತಂತ್ರಾಂಶವು ಅಂಗಾಂಗಗಳನ್ನು ಪರೀಕ್ಷಿಸಿ, ಬಳಿಕ ಬೂಟ್ ಲೋಡರ್ ಎಂಬುದನ್ನು ಎಬ್ಬಿಸುತ್ತದೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಸ್ಮೃತಿಗೆ ತಂದು ಅದಕ್ಕೆ ಅಧಿಕಾರವನ್ನೊಪ್ಪಿಸುವುದೇ ಇದರ ಕರ್ತವ್ಯ. ಉಬುಂಟುವಿನಲ್ಲಿ ಈ ಕೆಲಸವನ್ನು ಮಾಡುವುದು ಗ್ರಬ್. ಎರಿಕ್ ಬೋಲಿನ್ ಎಂಬವರು 1995ರಲ್ಲಿ ಇದರ ರಚನೆಯನ್ನು ಆರಂಭಿಸಿದರು; ಮುಂದೆ ಅದು ಗ್ನೂ ಯೋಜನೆಯನ್ನು ಸೇರಿತು. ಬಾಗಿಲಲ್ಲಿ ನಿಂತು, ಬಂದವರನ್ನು ಯಾವ ಕೋಣೆಗೆ ಕಳುಹಿಸಬೇಕೆಂದು ಕೇಳುವ ದ್ವಾರಪಾಲಕನೆಂದೇ ಅದನ್ನು ತಿಳಿಯಬಹುದು.

ಈ ದ್ವಾರಪಾಲಕನಿಗೆ ನಾವು ಕೊಡುವ ಆಜ್ಞೆಗಳು ‘ಈಟಿಸಿ’ ಕೋಶದೊಳಗಣ ‘ಡಿಫಾಲ್ಟ್’ ಎಂಬ ಉಪಕೋಶದಲ್ಲಿ ‘ಗ್ರಬ್’ ಎಂಬ ಕಡತದಲ್ಲಿರುತ್ತವೆ. ಆಡಳಿತದ ಗುಪ್ತಪದವಿಲ್ಲದೆ ಅದನ್ನು ತಿದ್ದಲಾಗದು. ಆಜ್ಞೆಗಳ ಹೆಸರುಗಳು ರೋಮನ್ ದೊಡ್ಡಕ್ಷರಗಳಲ್ಲಿದ್ದು, ಪದಗಳ ನಡುವೆ ಅಡಿಗೆರೆಯಿರುತ್ತದೆ. ಗೃಹಸ್ಥರಿಗೆ ಮುಖ್ಯವಾದುವು ಮೂರು.

ಮೊದಲನೆಯದು ‘ಗ್ರಬ್ ಡಿಫಾಲ್ಟ್’. ಯಾರೂ ಏನನ್ನೂ ಆರಿಸದಿದ್ದರೆ ಯಾವುದನ್ನು ತೆರೆಯಬೇಕೆಂಬುದನ್ನು ಇದು ತಿಳಿಸುತ್ತದೆ. ಇಲ್ಲಿ ಎಣಿಕೆಯು 0ಯಿಂದ ಮೊದಲಾಗುವುದರಿಂದ ಪಟ್ಟಿಯ ಮೂರನೆಯ ಸಾಲಿಗೆ 2 ಎಂದು ಬರೆಯಬೇಕು. ಆದರೆ ನಡುವೆ ಹೊಸ ಸಾಲೊಂದು ಸೇರಿದರೆ ಎಣಿಕೆ ಜಾರುತ್ತದೆ. ಆದಕಾರಣ ಅಂಕಿಗೆ ಬದಲಾಗಿ ಸಾಲಿನ ಪೂರ್ಣ ಹೆಸರನ್ನೇ ಉದ್ಧರಣ ಚಿಹ್ನೆಗಳೊಳಗೆ ಬರೆಯುವುದು ಕ್ಷೇಮ.

ಎರಡನೆಯದು ‘ಗ್ರಬ್ ಟೈಮ್‌ಔಟ್’, ಅಂದರೆ ಕಾಯಬೇಕಾದ ಸೆಕೆಂಡುಗಳು. 10 ಎಂದರೆ ಹತ್ತು ಸೆಕೆಂಡು; -1 ಎಂದರೆ ಯಾರಾದರೂ ಆರಿಸುವವರೆಗೂ ಕಾಯುವುದು. ಕಣ್ಣು ಮಂದವಾದ ಹಿರಿಯರಿರುವ ಮನೆಗೆ ಕೊನೆಯದೇ ಲೇಸು. ಮೂರನೆಯದಾದ ‘ಗ್ರಬ್ ಟೈಮ್‌ಔಟ್ ಸ್ಟೈಲ್’ ಎಂಬುದಕ್ಕೆ ‘ಮೆನು’ ಎಂದು ಬರೆದರೆ ಪಟ್ಟಿಯು ಕಾಣಿಸುತ್ತದೆ. ‘ಹಿಡನ್’ ಎಂದು ಬರೆದರೆ ಮರೆಯಾಗಿರುತ್ತದೆ.

ತಿದ್ದಿ ಉಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಸುಡೊ ಅಪ್‌ಡೇಟ್-ಗ್ರಬ್’ ಎಂಬ ಆದೇಶವನ್ನು ಕೊಟ್ಟ ಮೇಲೆಯೇ ‘ಗ್ರಬ್.ಸಿಎಫ್‌ಜಿ’ ಎಂಬ ನಿಜವಾದ ಪಟ್ಟಿಯು ಹೊಸದಾಗಿ ಸಿದ್ಧವಾಗುತ್ತದೆ. ಈ ಎರಡನೆಯ ಕಡತವನ್ನು ಕೈಯಾರೆ ತಿದ್ದತಕ್ಕದ್ದಲ್ಲ. ಮುಂದಿನ ಸಲ ಅದು ತಿರುಗಿ ರಚಿತವಾದಾಗ ತಿದ್ದುಪಡಿಯೆಲ್ಲ ಅಳಿದುಹೋಗುತ್ತದೆ. ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. 2021ರಲ್ಲಿ ಬಂದ ಗ್ರಬ್ 2.06ರಿಂದೀಚೆಗೆ ಇತರ ವ್ಯವಸ್ಥೆಗಳನ್ನು ಹುಡುಕುವ ಕಾರ್ಯವು ತಾನಾಗಿ ನಡೆಯದಿರಬಹುದು. ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಎಂಬುದಕ್ಕೆ ‘ಫಾಲ್ಸ್’ ಎಂದು ಬರೆದು ಮೇಲಿನ ಆದೇಶವನ್ನು ಮತ್ತೆ ಕೊಡಬೇಕು.

ಇನ್ನು ಒಂದು ಮಾತು. ಕಾಯುವುದು ಬೇಸರವೆಂದು ಕೆಲವರು ಟೈಮ್‌ಔಟನ್ನು 0 ಮಾಡುತ್ತಾರೆ. ಆಗ ಪಟ್ಟಿಯು ಕಾಣಿಸದೆಯೇ ಯಂತ್ರವು ಮುಂದುವರಿಯುತ್ತದೆ. ನೆಟ್ಟಗೆ ನಡೆಯುವ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹೊಸ ಕರ್ನೆಲ್ ಬಂದು ಯಂತ್ರವು ಏಳದೆ ಹೋದ ದಿನ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಸಾಲಿನೊಳಗೆ ಉಳಿದಿರುವ ಹಳೆಯ ಕರ್ನೆಲೇ ನಮಗೆ ದಾರಿ. ಮಗಳ ಪರೀಕ್ಷೆಯ ಟಿಪ್ಪಣಿಗಳೂ ಅಗಲಿದವರ ಭಾವಚಿತ್ರಗಳೂ ತಟ್ಟೆಯಲ್ಲಿ ಸುರಕ್ಷಿತವಾಗಿದ್ದರೂ, ಆ ದಾರಿ ಕಾಣದವರಿಗೆ ಅವು ಇಲ್ಲದಂತೆಯೇ. ಐದು ಸೆಕೆಂಡುಗಳ ಉಳಿತಾಯಕ್ಕಾಗಿ ಅದನ್ನು ಮರೆಮಾಡುವುದು ಜಾಣತನವಲ್ಲ.

ಆದಕಾರಣ ಕಡತವನ್ನು ಮುಟ್ಟುವ ಮುನ್ನ ಅದರ ನಕಲೊಂದನ್ನು ತೆಗೆದಿಡಿರಿ. ಒಂದು ಸಲಕ್ಕೆ ಒಂದೇ ಸಾಲನ್ನು ತಿದ್ದಿ ಪರೀಕ್ಷಿಸಿರಿ. ಉಬುಂಟುವನ್ನು ಹೊರಗಿನಿಂದಲೇ ನಡೆಸಬಲ್ಲ ಪೆನ್‌ಡ್ರೈವೊಂದನ್ನು ಕಪಾಟಿನಲ್ಲಿ ಸಿದ್ಧವಾಗಿಡಿರಿ. ಮುಖ್ಯವಾಗಿ, ಏನನ್ನು ಬದಲಿಸಿದಿರೆಂಬುದನ್ನು ಮನೆಯ ಮತ್ತೊಬ್ಬರಿಗೂ ತಿಳಿಸಿರಿ. ತೊಂದರೆಯ ದಿನ ನೀವು ಊರಿನಲ್ಲಿಲ್ಲದಿರಬಹುದು.