ಅಪ್ಪ, ನಾನು ಮತ್ತು ದಡದಲ್ಲಿ ನಿಂತ ಹಡಗು

ನಮ್ಮ ಹುತ್ತೂರಿನ ಕಡೆ ಕೆರೆ ಕೋಡಿ ಬಿದ್ರೇನೇ ಹಬ್ಬ. ಸಮುದ್ರ, ಹಡಗು ಎಲ್ಲ ಸಿನಿಮಾದಲ್ಲಿ ನೋಡಿದ್ದಷ್ಟೇ. ಹಾಗಿರುವಾಗ ಎಪ್ಪತ್ತು ದಾಟಿದ ಅಪ್ಪ ಒಂದಿನ ಊಟ ಮಾಡ್ತಾ, "ಯುದ್ಧದ ಹಡಗು ಒಂದ್ಸಲ ನೋಡ್ಬೇಕು ಕಣಮ್ಮ" ಅಂದ್ರು. ಅಪ್ಪ ಏನಾದ್ರೂ ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪೇ ಇಲ್ಲ. ಮಾರನೇ ದಿನವೇ ರಜೆಗೆ ಮೇಲ್ ಹಾಕಿ ಬೆಂಗಳೂರಿನಿಂದ ಕಾರವಾರದ ರಾತ್ರಿ ರೈಲಿಗೆ ಎರಡು ಟಿಕೆಟ್ ಬುಕ್ ಮಾಡಿದೆ. ಅಪ್ಪನಿಗೆ ಲೋಯರ್ ಬರ್ತ್.

ಕಾರವಾರದಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಗೆ ಅಂಟಿಕೊಂಡ ಹಾಗೇ ಐಎನ್‌ಎಸ್ ಚಪಲ್ ನಿಂತಿದೆ. ನೀರಿನಲ್ಲಲ್ಲ, ದಡದ ಮೇಲೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಕ್ಷಿಪಣಿ ದೋಣಿ. ಉದ್ದ ಸುಮಾರು 38 ಮೀಟರ್, ಅಂದ್ರೆ ನಮ್ಮ ರೈಲಿನ ಎರಡು ಬೋಗಿಯಷ್ಟೂ ಇಲ್ಲ. ಆದ್ರೆ ಅಷ್ಟರಲ್ಲೇ ನಾಲ್ಕು ಕ್ಷಿಪಣಿ, ಮುಂದೊಂದು ಹಿಂದೊಂದು ಜೋಡಿ ತೋಪು, ಗಂಟೆಗೆ 65 ಕಿಲೋಮೀಟರ್ ಮೀರಿದ ವೇಗ. ಹೆಸರು ಸುಮ್ಮನೆ ಇಟ್ಟಿದ್ದಲ್ಲ.

ರೈಲಿನಲ್ಲಿ ನಾನು ಅಪ್ಪನಿಗೆ ಜಂಬದಿಂದ ಹೇಳಿದ್ದೆ: "1971ರಲ್ಲಿ ಕರಾಚಿಗೆ ಹೋಗಿ ಬಾಂಬ್ ಹಾಕಿ ಬಂದ ಹಡಗು ಇದೇ." ಅದನ್ನ ಓದಿದ್ದು ಎಲ್ಲಿ? ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ! ಸುಳ್ಳು ಗೊತ್ತಾಗಿದ್ದು ಟೀ ಅಂಗಡಿಯಲ್ಲಿ ಕೂತು ಫೋನ್‌ನಲ್ಲಿ ಇಸವಿ ನೋಡಿದಾಗ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ಮೂರು ಕ್ಷಿಪಣಿ ದೋಣಿಗಳು. ಆ ದಿನದ ನೆನಪಿಗೇ ನಾವು ನೌಕಾಪಡೆ ದಿನ ಆಚರಿಸೋದು. ಚಪಲ್ ಆ ಮನೆತನದ್ದೇ, ಆದ್ರೆ ಆಮೇಲೆ ಹುಟ್ಟಿದ ತಂಗಿ.

ನಾಚಿಕೆಯಾಯ್ತು. ಅಪ್ಪನಿಗೆ ನಿಜ ಹೇಳಿದೆ. ಅವರು ಟೀ ಗುಟುಕರಿಸಿ, "ಅದಕ್ಕೇನೀಗ? ಮೂವತ್ತು ವರ್ಷ ಹತ್ರ ಕಾವಲು ಕಾದೈತಲ್ಲ. ಅದೂ ಕೆಲಸನೇ" ಅಂದ್ರು.

ಒಳಗೆ ತಲೆ ತಗ್ಗಿಸಿಯೇ ಓಡಾಡಬೇಕು. ಸಮವಸ್ತ್ರ ಹಾಕಿದ ಗೊಂಬೆಗಳು ನಾವಿಕರ ಜಾಗದಲ್ಲಿ ನಿಂತಿವೆ. ಎಲ್ಲಿ ನೋಡಿದ್ರೂ ಪೈಪು, ವೈರು, ಮೀಟರು. ನಾನು ಸೆಲ್ಫಿ ತೆಗೆದು ತಿರುಗಿದ್ರೆ ಅಪ್ಪ ಹಿಂದೆ ಇಲ್ಲ. ಒಂದು ಕಡೆ ಗೋಡೆಯ ಕಬ್ಬಿಣಕ್ಕೆ ಅಂಗೈ ಒತ್ತಿ ಸುಮ್ಮನೆ ನಿಂತಿದ್ರು.

"ಏನಪ್ಪಾ, ಸುಸ್ತಾಯ್ತಾ?"

"ಇಲ್ಲ. ನಮ್ಮ ಗಣಿ ಹಿಂಗೇ ಇತ್ತು. ಇಷ್ಟೇ ಜಾಗ. ಇದೇ ವಾಸನೆ."

ಅಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ನೆಲದಿಂದ ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಗಣಿ ಅದು. ವಾರವೆಲ್ಲ ಅಲ್ಲೇ ಲೈನ್ ಮನೆಯಲ್ಲಿ ಇದ್ದು ಭಾನುವಾರ ಊರಿಗೆ ಬರೋರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅದರ ಮಾತೇ ಎತ್ತಲಿಲ್ಲ. ನಾವೂ ಕೇಳಲಿಲ್ಲ. ಆ ದಿನ ಆ ಹಡಗಿನ ಹೊಟ್ಟೆಯಲ್ಲಿ ನಿಂತು, ಕೇಜಿನಲ್ಲಿ ಇಳಿಯುವಾಗ ಕಿವಿ ಗುಂಯ್ ಅನ್ನೋದು, ಬಂಡೆಯ ಬಿಸಿ, ಶಿಫ್ಟ್ ಮುಗಿದು ಮೇಲೆ ಬಂದಾಗ ಕಣ್ಣು ಕುಕ್ಕೋ ಬಿಸಿಲು, ಎಲ್ಲ ಹೇಳ್ತಾ ಹೋದ್ರು. ನಮ್ಮ ಹಿಂದೆ ಶಾಲೆ ಮಕ್ಕಳ ಸಾಲು ನಿಂತಿತ್ತು. ನಾವು ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು.

ಹೊರಗೆ ಬಂದು ಮರಳಿನಲ್ಲಿ ಕೂತಾಗ ನಾನು ಬೇರೆ ಹಡಗುಗಳ ಕತೆ ಹೇಳಿದೆ. ವಿಶಾಖಪಟ್ಟಣದ ಕಡಲತೀರದಲ್ಲಿ ಕುರ್ಸುರಾ ಅನ್ನೋ ಜಲಾಂತರ್ಗಾಮಿ ಇದೆ. 1969ರಿಂದ ಸೇವೆ ಮಾಡಿ ನಿವೃತ್ತಿಯಾಗಿದ್ದು 2001ರ ಫೆಬ್ರವರಿ 27ಕ್ಕೆ. ಅಪ್ಪನ ಗಣಿ ಮುಚ್ಚುವ ಹಿಂದಿನ ದಿನ! ಮರುವರ್ಷವೇ ಅದನ್ನ ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ರು. ಅದೇ 1971ರಲ್ಲಿ ಹೋರಾಡಿದ ವಿಮಾನವಾಹಕ ವಿಕ್ರಾಂತ್‌ಗೆ ಆ ಭಾಗ್ಯ ಉಳಿಯಲಿಲ್ಲ. 1997ರಲ್ಲಿ ನಿವೃತ್ತಿ, ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ, 2014ರಲ್ಲಿ ಗುಜರಿಗೆ. ಅದರ ಉಕ್ಕನ್ನ ಕರಗಿಸಿ ಬೈಕಿಗೂ ಹಾಕಿದ್ರು. ಆಫೀಸಿನ ಪಾರ್ಕಿಂಗ್‌ನಲ್ಲಿ ನೀವೂ ನೋಡಿರ್ತೀರಿ.

ಅಪ್ಪ ನಕ್ಕರು. "ಹಡಗನ್ನ ಎಳ್ಕೊಂಡು ಬಂದು ನಿಲ್ಲಿಸಬಹುದು. ಗಣೀನ ಎಲ್ಲಿಗೆ ಎಳ್ಕೊಂಡು ಬರ್ತಾರೆ? ಪಂಪ್ ನಿಲ್ಲಿಸಿದ್ರು, ನೀರು ತುಂಬ್ಕೊಂತು. ಮುಗೀತು."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಪಲ್ ಪಕ್ಕದಲ್ಲೇ 2017ರಲ್ಲಿ ನಿವೃತ್ತಿಯಾದ ಟಿಯು-142 ವಿಮಾನವೂ ನಿಂತಿದೆ. ಅದನ್ನೂ ನೋಡಿ ಮೀನೂಟ ಮುಗಿಸಿ ರೈಲು ಹತ್ತಿದೆವು.

ನೀವು ಹೋಗೋದಾದ್ರೆ ಒಂದೆರಡು ಮಾತು. ಮಳೆಗಾಲ ಬಿಟ್ಟು ಹೋಗಿ. ಒಳಗೆ ಇಕ್ಕಟ್ಟು, ಹಿರಿಯರ ಮಂಡಿ ನೋಡ್ಕೊಳ್ಳಿ. ಮುಖ್ಯವಾಗಿ ಹಿರಿಯರನ್ನ ಕರ್ಕೊಂಡೇ ಹೋಗಿ. ನಾವು ಫೋಟೋ ನೋಡ್ತೀವಿ, ಅವರು ಇನ್ನೇನನ್ನೋ ನೋಡ್ತಾರೆ.

ರಾತ್ರಿ ರೈಲಿನಲ್ಲಿ ಅಪ್ಪನಿಗೆ ನಿದ್ದೆ ಬರಲಿಲ್ಲ. ನಾನು ಫೋನ್ ತೆಗೆದು ರೆಕಾರ್ಡರ್ ಆನ್ ಮಾಡಿ ಲೋಯರ್ ಬರ್ತಿನ ಅಂಚಿಗೆ ಕೂತೆ. "ಅಪ್ಪಾ, ಮೊದಲನೇ ದಿನ ಗಣಿಗೆ ಇಳಿದಿದ್ದು ಹೇಳಿ."

"ಈಗ್ಯಾಕಮ್ಮ, ಮಲಗು" ಅಂದ್ರು. ಆಮೇಲೆ ಎದ್ದು ಕೂತ್ರು. ನಲವತ್ತು ನಿಮಿಷ ಮಾತಾಡಿದ್ರು. ಮುಂದಿನ ಭಾನುವಾರ ಊರಿಗೆ ಹೋಗ್ತಿದ್ದೀನಿ. ಇನ್ನೂ ಎರಡನೇ ದಿನದ ಕತೆ ಬಾಕಿ ಇದೆ.